ಅಪ್ಪ ಅಮ್ಮ ಇಬ್ಬರಿಗೂ ಇಲ್ಲದ ಬಣ್ಣಗುರುಡು ಮಗನಿಗೆ ಎಲ್ಲಿಂದ ಬಂತು?

ನಿಮ್ಮ ಏಳು ವರ್ಷದ ಮಗನಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ ಅಂತ ಕಣ್ಣಿನ ಡಾಕ್ಟರು ಹೇಳಿದ್ದಾರೆ. ನಿಮಗೂ ಯಜಮಾನರಿಗೂ ಆ ತೊಂದರೆ ಇಲ್ಲ. "ನಮ್ಮ ವಂಶದಲ್ಲಿ ಇಂಥದ್ದು ಇರಲೇ ಇಲ್ಲ" ಅಂತ ನಿಮ್ಮ ಅತ್ತೆ ಹೇಳಿದ್ದು ನಿಮಗೆ ನೋವಾಗಿದೆ. ಅತ್ತೆ ಹೇಳಿದ್ದು ನಿಜವೇ ಇರಬಹುದು, ಯಾಕೆಂದರೆ ಇದು ಅಪ್ಪನಿಂದ ಮಗನಿಗೆ ಬರುವುದಿಲ್ಲ. ಹಾಗಂತ ನಿಮ್ಮ ತಪ್ಪು ಖಂಡಿತ ಅಲ್ಲ.

ನನ್ನ ಅಜ್ಜನಮನೆ ಶಿರಸಿ ಹತ್ತಿರ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದರೆ ಮೆಣಸು ಕೊಯ್ಲಿಗೆ ಬಂತು ಅಂತ ಲೆಕ್ಕ. ಅಮ್ಮನ ಅಪ್ಪನಿಗೆ ಆ ಕೆಂಪು ಎಲೆಯ ಹಸಿರಲ್ಲೇ ಸೇರಿಹೋಗುತ್ತಿತ್ತು. ಬಳ್ಳಿಯ ಬುಡದಲ್ಲಿ ನಿಂತು "ಕೂಸೇ, ಕೆಂಪಾಜ ನೋಡು" ಅಂತ ನನ್ನನ್ನು ಕರೆಯುತ್ತಿದ್ದ. ವಯಸ್ಸಾಯಿತಲ್ಲ, ಕಣ್ಣು ಮಂಜು ಅಂದುಕೊಂಡಿದ್ದೆವು. ಆಮೇಲೆ ಎರಡನೇ ಕ್ಲಾಸಿನಲ್ಲಿದ್ದ ನನ್ನ ತಮ್ಮ ಒಂದು ಮರದ ಚಿತ್ರ ಬರೆದು ತಂದ. ಎಲೆಗಳೆಲ್ಲ ಕಂದು ಬಣ್ಣ. ಆಗ ಅಮ್ಮನಿಗೆ ಥಟ್ಟನೆ ಅಜ್ಜನ ನೆನಪಾಯಿತು.

ಅಪ್ಪ ಅಮ್ಮನ ಗುಣಗಳನ್ನು ಮಕ್ಕಳಿಗೆ ದಾಟಿಸುವುದು ಜೀನ್‌ಗಳು, ಅವು ಇರುವುದು ಜೀವಕೋಶದೊಳಗಿನ ಕ್ರೋಮೋಸೋಮು ಎಂಬ ಎಳೆಗಳಲ್ಲಿ. ಕೆಂಪು, ಹಸಿರು ಗುರುತಿಸುವ ಜೀನ್‌ಗಳು ಎಕ್ಸ್ ಎಂಬ ಕ್ರೋಮೋಸೋಮಿನಲ್ಲಿವೆ. ಹೆಂಗಸರಿಗೆ ಎರಡು ಎಕ್ಸ್. ಒಂದರಲ್ಲಿ ದೋಷವಿದ್ದರೂ ಇನ್ನೊಂದು ನಿಭಾಯಿಸುತ್ತದೆ, ಹಾಗಾಗಿ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಗಂಡಸರಿಗೆ ಇರುವುದು ಒಂದೇ ಎಕ್ಸ್, ಅದು ಅಮ್ಮ ಕೊಟ್ಟದ್ದು. ಅಪ್ಪ ಮಗನಿಗೆ ಕೊಡುವುದು ವೈ ಎಂಬ ಬೇರೆ ಕ್ರೋಮೋಸೋಮು, ಮಗಳಿಗೆ ಕೊಡುವುದು ತನ್ನ ಎಕ್ಸ್. ಅಜ್ಜನ ಎಕ್ಸ್ ಅಮ್ಮನಿಗೆ ಬಂತು, ಅಮ್ಮನಿಂದ ತಮ್ಮನಿಗೆ ಹೋಯಿತು.

ಅಜ್ಜನಮನೆಯಲ್ಲಿ ಹಳೆಯ ವಂಶಾವಳಿ ಇದೆ. ಏಳು ತಲೆಮಾರು, ಎಲ್ಲ ಗಂಡಸರ ಹೆಸರೇ. ಅಮ್ಮನ ಹೆಸರಿಲ್ಲ, ಅವಳ ಅಕ್ಕಂದಿರದ್ದೂ ಇಲ್ಲ. ಅಜ್ಜನ ಕಣ್ಣು ತಮ್ಮನಿಗೆ ಬಂದ ದಾರಿಯೇ ಅದರಲ್ಲಿಲ್ಲ, ಅಲ್ವಾ? ಅದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಅವತ್ತೇ ಬೇರೆ ಹಾಳೆ ತೆಗೆದುಕೊಂಡೆ.

ನೀವೂ ಒಂದು ಬರೆಯಿರಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ತೊಂದರೆ ಇರುವವರ ಗುರುತನ್ನು ಪೂರ್ತಿ ತುಂಬಿ. ತನಗೆ ಕಾಣಿಸದೆ ಮಕ್ಕಳಿಗೆ ದಾಟಿಸುವವಳ ವೃತ್ತದೊಳಗೆ ಒಂದು ಚುಕ್ಕಿ ಇಡಿ. ಮಗನಿಂದ ಶುರು ಮಾಡಿ ನಿಮ್ಮ ಕಡೆಗೇ ಮೇಲೆ ಹೋಗಿ: ನಿಮ್ಮ ಅಣ್ಣತಮ್ಮಂದಿರು, ನಿಮ್ಮ ಅಪ್ಪ, ನಿಮ್ಮ ಸೋದರಮಾವಂದಿರು, ಅಮ್ಮನ ಅಪ್ಪ. ಯಾರೂ ಸಿಗದಿದ್ದರೂ ಗಾಬರಿ ಬೇಡ. ಚುಕ್ಕಿ ಇರುವ ತಾಯಿಯ ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಪ್ರತಿ ಸಲವೂ ಹೊಸದಾಗಿ. ಮೂವರು ಗಂಡುಮಕ್ಕಳಿದ್ದು ಮೂವರೂ ಪಾರಾಗಿರಬಹುದು. ಹೆಣ್ಣುಮಕ್ಕಳೇ ಜಾಸ್ತಿ ಇರುವ ಮನೆಯಲ್ಲಂತೂ ಎರಡು ಮೂರು ತಲೆಮಾರು ಸುದ್ದಿಯೇ ಇಲ್ಲದೆ ಸಾಗಿಬಿಡುತ್ತದೆ.

ಹುಡುಗಿಗೆ ಇದು ಬರಬೇಕಾದರೆ ಅಪ್ಪನಿಗೂ ಇರಬೇಕು, ಅಮ್ಮನಿಂದಲೂ ಬರಬೇಕು. ಅದಕ್ಕೇ ಅಪರೂಪ. ಸೋದರಮಾವನಿಗೇ ಮದುವೆ ಮಾಡಿಕೊಡುವ ಮನೆಗಳಲ್ಲಿ ಆ ಸಾಧ್ಯತೆ ಸ್ವಲ್ಪ ಹೆಚ್ಚು.

ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್‌ಗೂ ಅವರ ಅಣ್ಣನಿಗೂ ಇದೇ ಇತ್ತು. 1794ರಲ್ಲಿ ಡಾಲ್ಟನ್ ತಮ್ಮ ಕಣ್ಣಿನ ಬಗ್ಗೆ ತಾವೇ ಪ್ರಬಂಧ ಓದಿದರು. ಜೋಪಾನವಾಗಿ ಇಟ್ಟಿದ್ದ ಅವರ ಕಣ್ಣಿನ ಡಿಎನ್‌ಎ ಪರೀಕ್ಷೆಯ ಫಲಿತಾಂಶ 1995ರಲ್ಲಿ ಬಂತು: ಹಸಿರಿಗೆ ಸಂಬಂಧಿಸಿದ ಜೀನ್ ಇರಲಿಲ್ಲ.

ಸದ್ಯಕ್ಕೆ ಮಗನ ಟೀಚರಿಗೆ ವಿಷಯ ತಿಳಿಸಿ. ಪ್ರತಿ ಕ್ರೇಯಾನ್ ಮೇಲೂ ಬಣ್ಣದ ಹೆಸರು ಬರೆದು ಅಂಟಿಸಿ. ತಮ್ಮನಿಗೆ ಅಮ್ಮ ಮೊದಲು ಮಾಡಿಕೊಟ್ಟದ್ದು ಅದನ್ನೇ.