ಇಟ್ಟ ವಿಂಡೋ ಇಟ್ಟಲ್ಲೇ ಇರಬೇಕಾದರೆ

ಪ್ರಶ್ನೆ: ಕಂಪ್ಯೂಟರಿಗೆ ಫೆಡೋರಾ ಲಿನಕ್ಸ್ ಹಾಕಿಕೊಂಡು ಎರಡು ತಿಂಗಳಾಯಿತು. ಪರದೆ, ವಿಂಡೋಗಳನ್ನು ನೋಡಿಕೊಳ್ಳುವುದು ಗ್ನೋಮ್ ಡೆಸ್ಕ್‌ಟಾಪ್. ನಾನು ಅನುವಾದ ಮಾಡುವವಳು. ಮೂಲ ಪುಸ್ತಕದ ಪಿಡಿಎಫ್, ನಿಘಂಟು, ಬರೆಯುವ ಫೈಲ್, ಮೇಲ್ ಎಲ್ಲ ಒಟ್ಟಿಗೆ ತೆರೆದಿರುತ್ತವೆ. ವಿಂಡೋಗಳನ್ನು ಬೇರೆ ಬೇರೆ ಪರದೆಗಳಲ್ಲಿ ಹಂಚಿಡುವ ವರ್ಕ್‌ಸ್ಪೇಸ್ ಬಳಸಿ ನೋಡಿದೆ, ಗೊಂದಲ ಇನ್ನೂ ಜಾಸ್ತಿಯಾಯಿತು. ಮೂರನೆಯದರಲ್ಲಿ ಇಟ್ಟಿದ್ದು ಎರಡನೆಯದರಲ್ಲಿ ಸಿಗುತ್ತದೆ. ಬ್ರೌಸರ್ ಐಕಾನ್ ಒತ್ತಿದರೆ ಇನ್ನೆಲ್ಲಿಗೋ ಎಳೆದುಕೊಂಡು ಹೋಗುತ್ತದೆ. ಬಿಟ್ಟುಬಿಡಲಾ?

ಉತ್ತರ: ದಯವಿಟ್ಟು ಬಿಡಬೇಡಿ. ನಿಮ್ಮ ಎರಡು ತೊಂದರೆಗೂ ಕಾರಣ ಇದೆ, ಎರಡೂ ಸರಿಹೋಗುತ್ತವೆ.

ಗ್ನೋಮ್ ವರ್ಕ್‌ಸ್ಪೇಸ್‌ಗಳನ್ನು ತಾನೇ ಹುಟ್ಟಿಸುತ್ತದೆ, ತಾನೇ ಅಳಿಸುತ್ತದೆ. ಕೊನೆಗೆ ಯಾವಾಗಲೂ ಒಂದು ಖಾಲಿ ಇರುತ್ತದೆ. ಮಧ್ಯದ ಒಂದರಲ್ಲಿ ಕೊನೆಯ ವಿಂಡೋ ಮುಚ್ಚಿ ನೀವು ಬೇರೆ ಕಡೆ ಹೋದಿರಿ ಅನ್ನಿ, ಅದು ಮಾಯ. ಆಮೇಲಿನವೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತವೆ. ಮೂರನೆಯದು ಎರಡನೆಯದಾಗುವುದು ಹೀಗೆ. ಸೆಟ್ಟಿಂಗ್ಸ್‌ನಲ್ಲಿ ಮಲ್ಟಿಟಾಸ್ಕಿಂಗ್ ತೆರೆದು 'ಫಿಕ್ಸೆಡ್ ನಂಬರ್ ಆಫ್ ವರ್ಕ್‌ಸ್ಪೇಸಸ್' ಆರಿಸಿ, 4 ಅಂತ ಇಡಿ. ಆಮೇಲೆ ಖಾಲಿಯಾದರೂ ಜಾಗ ಕದಲುವುದಿಲ್ಲ. ನನ್ನ ಪ್ರಕಾರ ಹೊಸಬರು ಮೊದಲು ಮಾಡಬೇಕಾದ್ದು ಇದೇ. ಜಾಗ ಗಟ್ಟಿಯಾಗಿದ್ದರೆ ಮಾತ್ರ ಕೈಗೆ ಅಭ್ಯಾಸ ಕೂರುತ್ತದೆ, ಅಲ್ವಾ?

ಅದೇ ಪುಟದಲ್ಲಿ ಕೆಳಗೆ ಆಪ್ ಸ್ವಿಚಿಂಗ್ ಇದೆ. ಅಲ್ಲಿ ಈಗಿನ ವರ್ಕ್‌ಸ್ಪೇಸಿನ ಆಪ್‌ಗಳು ಮಾತ್ರ ಕಾಣುವ ಆಯ್ಕೆ ಒತ್ತಿ. ಒಂದು ಆಪ್‌ನಿಂದ ಇನ್ನೊಂದಕ್ಕೆ ಹೋಗಲು ಆಲ್ಟ್-ಟ್ಯಾಬ್ ಒತ್ತಿದಾಗ ಬೇರೆ ಕಡೆಯ ಮೇಲ್, ಚಾಟ್ ನಡುವೆ ಬರುವುದಿಲ್ಲ.

ಇನ್ನು ಬ್ರೌಸರ್. ಅದು ಬೇರೆ ವರ್ಕ್‌ಸ್ಪೇಸಿನಲ್ಲಿ ಮೊದಲೇ ತೆರೆದಿದ್ದರೆ, ಐಕಾನ್ ಒತ್ತಿದಾಗ ಗ್ನೋಮ್ ನಿಮ್ಮನ್ನು ಅಲ್ಲಿಗೇ ಕರೆದೊಯ್ಯುತ್ತದೆ. ಇದ್ದಲ್ಲೇ ಹೊಸ ವಿಂಡೋ ಬೇಕಾದರೆ ಕಂಟ್ರೋಲ್ ಹಿಡಿದು ಐಕಾನ್ ಒತ್ತಿ.

ಹಂಚಿಕೊಳ್ಳುವಾಗ ಬ್ರೌಸರಿಗೊಂದು, ಪಿಡಿಎಫ್‌ಗೊಂದು ಅಂತ ಮಾಡಬೇಡಿ. ಆಗ ಒಂದು ಪದ ನೋಡಲು ಮೂರು ಕಡೆ ಓಡಾಡಬೇಕು. ಕೆಲಸಕ್ಕೊಂದು ಇಡಿ. ನಾನು ಪುಸ್ತಕಗಳ ಕರಡು ತಿದ್ದುತ್ತೇನೆ. ಒಮ್ಮೆ ಹಳೆಯ ಕರಡು, ಹೊಸ ಕರಡು ಎರಡೂ ಒಂದೇ ಕಡೆ ತೆರೆದಿದ್ದವು. ನೋಡಲು ಒಂದೇ ಥರ. ರಾತ್ರಿ ಹನ್ನೊಂದರವರೆಗೆ ಕೂತು ಎರಡು ಅಧ್ಯಾಯ ತಿದ್ದಿದೆ, ಎಲ್ಲ ಹಳೆಯದರಲ್ಲಿ! ಮರುದಿನ ಪೂರ್ತಿ ಮತ್ತೆ ಕೂರಬೇಕಾಯಿತು. ಆಮೇಲಿಂದ ಮೊದಲನೆಯದು ಮೇಲ್‌ಗೆ. ಎರಡನೆಯದು ತಿದ್ದುವುದಕ್ಕೆ: ಎಡಕ್ಕೆ ಪಿಡಿಎಫ್, ಬಲಕ್ಕೆ ಫೈಲ್, ನಿಘಂಟಿನ ಒಂದು ಬ್ರೌಸರ್ ವಿಂಡೋ. ಹಳೆಯ ಕರಡು ಮೂರನೆಯದರಲ್ಲಿ, ಬರೀ ಓದಲಿಕ್ಕೆ. ನಾಲ್ಕನೆಯದು ಖಾಲಿ, ನಡುವೆ ಏನಾದರೂ ಬಂದರೆ ಅಲ್ಲಿಗೆ.

1986ರಲ್ಲೇ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಪಾರ್ಕ್‌ನ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ ಇಂಥದ್ದೊಂದು ವ್ಯವಸ್ಥೆಯ ಬಗ್ಗೆ ಬರೆದರು. ಹೆಸರು 'ರೂಮ್ಸ್'. ಒಂದು ಕೆಲಸಕ್ಕೆ ಬೇಕಾದ ವಿಂಡೋಗಳೆಲ್ಲ ಒಂದು ಕೋಣೆಯಲ್ಲಿ. ನನಗೆ ವರ್ಕ್‌ಸ್ಪೇಸ್ ಅನ್ನುವುದಕ್ಕಿಂತ ಕೋಣೆ ಅನ್ನುವ ಮಾತೇ ಹೆಚ್ಚು ಹಿಡಿಸುತ್ತದೆ.

ಓಡಾಟಕ್ಕೆ ಸೂಪರ್ ಕೀ (ಸಾಮಾನ್ಯವಾಗಿ ವಿಂಡೋಸ್ ಗುರುತಿರುವ ಕೀ) ಜೊತೆ ಪೇಜ್ ಅಪ್, ಪೇಜ್ ಡೌನ್. ಶಿಫ್ಟ್ ಕೂಡ ಸೇರಿಸಿದರೆ ವಿಂಡೋವೂ ನಿಮ್ಮ ಜೊತೆ ಬರುತ್ತದೆ. ಟಚ್‌ಪ್ಯಾಡ್ ಇದ್ದರೆ ಮೂರು ಬೆರಳಿಟ್ಟು ಪಕ್ಕಕ್ಕೆ ಸರಿಸಿ ನೋಡಿ. ಸದ್ಯಕ್ಕೆ ಇಷ್ಟು ಸಾಕು.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಕಡಿಮೆ. ವರ್ಕ್‌ಸ್ಪೇಸ್ ಜಾಸ್ತಿ ಮಾಡಿದರೆ ನಿಧಾನ ಆಗುತ್ತಾ?

ಉತ್ತರ: ಖಾಲಿ ವರ್ಕ್‌ಸ್ಪೇಸ್‌ನಿಂದ ಭಾರ ಬೀಳುವುದಿಲ್ಲ. ರ‍್ಯಾಮ್ ತಿನ್ನುವುದು ತೆರೆದಿಟ್ಟ ಪ್ರೋಗ್ರಾಂಗಳು, ಮುಖ್ಯವಾಗಿ ಬ್ರೌಸರಿನ ಟ್ಯಾಬ್‌ಗಳು. ಬೇರೆ ವರ್ಕ್‌ಸ್ಪೇಸಿಗೆ ಕಳಿಸಿದ ಮಾತ್ರಕ್ಕೆ ಅವು ನಿಲ್ಲುವುದಿಲ್ಲ, ಅಲ್ಲೇ ಓಡುತ್ತಿರುತ್ತವೆ. ಕಣ್ಣಿಗೆ ಬೀಳದ ಕಾರಣ ಮುಚ್ಚುವುದು ಮರೆತುಹೋಗುತ್ತದೆ, ಅಷ್ಟೇ. ಸೂಪರ್ ಕೀ ಒಮ್ಮೆ ಒತ್ತಿದರೆ ಎಲ್ಲ ವರ್ಕ್‌ಸ್ಪೇಸ್‌ಗಳೂ ಚಿಕ್ಕದಾಗಿ ಕಾಣುತ್ತವೆ. ನಾನು ದಿನಕ್ಕೆ ಎರಡು ಸಲ ಹೀಗೆ ನೋಡಿ ಬೇಡದ್ದನ್ನು ಮುಚ್ಚುತ್ತೇನೆ.