ಎಲೆ ನೋಡುವ ಕೆಲಸ

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮುಗಿಸಿ, ಈಗ ಅಯೋವಾದಲ್ಲಿ ಸಸ್ಯರೋಗಶಾಸ್ತ್ರದ ಎಂ.ಎಸ್. ಪದವಿಯ ಕೊನೆಯ ಹಂತದಲ್ಲಿರುವ ನೀವು ನನಗೆ ಬರೆದು ಕೇಳಿರುವುದು ಇಷ್ಟು: ಓದುತ್ತಿರುವ ವಿಶ್ವವಿದ್ಯಾಲಯದ್ದೇ ಸಸ್ಯರೋಗ ಪತ್ತೆ ಪ್ರಯೋಗಾಲಯದಲ್ಲಿ ವರ್ಷಕ್ಕೆ 54,000 ಡಾಲರಿನ ಕೆಲಸ ಸಿಗುವಂತಿದೆ, ಅದು ನಿಮಗೆ ಇಷ್ಟ, ಷಿಕಾಗೋದ ವಿಮಾ ಕಂಪನಿಯೊಂದು ದತ್ತಾಂಶ ವಿಶ್ಲೇಷಣೆಯ ಕೆಲಸಕ್ಕೆ 96,000 ಡಾಲರ್ ಕೊಡುವುದಾಗಿ ಹೇಳಿದೆ, ಅದು ಮನೆಯವರಿಗೆ ಇಷ್ಟ, ಊರಿನ ಬ್ಯಾಂಕಿನಲ್ಲಿ 18 ಲಕ್ಷ ರೂಪಾಯಿಯ ಶಿಕ್ಷಣ ಸಾಲವಿದೆ, ಯಾವುದನ್ನು ಹಿಡಿಯಲಿ, ಅಕ್ಕ? ವಯಸ್ಸಿನಲ್ಲಿ ನೀವು ನನ್ನ ಮಗಳ ಓರಗೆಯವರು. ಆದರೂ ಮುಖ ನೋಡದವರನ್ನು ಏಕವಚನದಲ್ಲಿ ಕರೆಯುವ ರೂಢಿ ನನಗಿಲ್ಲದ ಕಾರಣ ‘ನೀವು’ ಎಂದೇ ಬರೆಯುತ್ತೇನೆ.

ಜೊತೆಯಲ್ಲಿ ಕೇಳಿದ ಸಣ್ಣ ಪ್ರಶ್ನೆಗಳಿಗೆ ಸಣ್ಣ ಉತ್ತರಗಳು. ಕಾರು ಹಳೆಯದಾದರೂ ಸಾಕು, ಟೈರು ಮಾತ್ರ ಹೊಸದಿರಲಿ. ಷಿಕಾಗೋದಲ್ಲಾದರೆ ರೈಲು ಇರುವುದರಿಂದ ಕಾರಿಲ್ಲದೆಯೂ ನಡೆಯುತ್ತದೆ. ಅಯೋವಾದಲ್ಲಿ ಎರಡು ಚಳಿಗಾಲ ಕಳೆದವರಿಗೆ ಷಿಕಾಗೋದ ಚಳಿಯ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಗಂಡಿನ ಕಡೆಯವರು ಮೊದಲು ಸಂಬಳ ಕೇಳುತ್ತಾರೆ, ಲ್ಯಾಬಿನಲ್ಲಿ ಎಲೆ ನೋಡುವ ಕೆಲಸ ಎಂದು ಅವರಿಗೆ ಹೇಗೆ ಹೇಳುವುದು ಎಂಬ ನಿಮ್ಮ ತಾಯಿಯವರ ಚಿಂತೆಗೆ ನನ್ನ ಬಳಿ ಉತ್ತರವಿಲ್ಲ. ಆ ಮಾತು ನಮ್ಮ ಮನೆಗಳಲ್ಲಿ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ನಾನು ಬಂದದ್ದು 1997ರ ಆಗಸ್ಟ್‌ನಲ್ಲಿ. ಸಿದ್ದಾಪುರ ತಾಲ್ಲೂಕಿನ ಅಡಿಕೆ ತೋಟದ ಮನೆಯವಳು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿ, ಇಲಿನಾಯ್ ರಾಜ್ಯದ ವಿಶ್ವವಿದ್ಯಾಲಯವೊಂದನ್ನು ಸೇರಲು ಷಿಕಾಗೋದಲ್ಲಿ ಇಳಿದೆ. ಅಮ್ಮ ಹಳೆಯ ಪತ್ರಿಕೆಯಲ್ಲಿ ಸುತ್ತಿ ಸೀರೆಗಳ ನಡುವೆ ಇಟ್ಟಿದ್ದ ಕರಿಬೇವನ್ನು ತಪಾಸಣೆಯ ಅಧಿಕಾರಿ ಕಸದ ಡಬ್ಬಿಗೆ ಹಾಕಿದಾಗ ಕಣ್ಣಲ್ಲಿ ನೀರು ಬಂದಿತ್ತು. ಕಿತ್ತಳೆ ತೋಟಗಳನ್ನು ಹಾಳುಮಾಡುವ ಗ್ರೀನಿಂಗ್ ರೋಗವನ್ನು ಹರಡುವ ಸಿಲ್ಲಿಡ್ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅದೇ ಕೀಟ ಮರುವರ್ಷ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಸುದ್ದಿ ನಮ್ಮ ತರಗತಿಯಲ್ಲಿ ಚರ್ಚೆಗೆ ಬಂದಾಗ, ಆ ಅಧಿಕಾರಿಯ ಮೇಲಿನ ಸಿಟ್ಟನ್ನು ಮನಸ್ಸಿನಲ್ಲಿಯೇ ಹಿಂದಕ್ಕೆ ಪಡೆದೆ.

ಪದವಿ ಮುಗಿದ ಮೇಲೆ ಅಲ್ಲಿಯ ರೋಗಪತ್ತೆ ಪ್ರಯೋಗಾಲಯದಲ್ಲಿ 27,000 ಡಾಲರಿಗೆ ಕೆಲಸಕ್ಕೆ ಸೇರಿದೆ. ರೈತರು ಪ್ಲಾಸ್ಟಿಕ್ ಚೀಲದಲ್ಲಿ ಒಣಗಿದ ಗಿಡ, ಕಪ್ಪಾದ ಬೇರು, ಚುಕ್ಕೆ ಬಿದ್ದ ಎಲೆಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ನಾವು ತೊಳೆದು, ಕತ್ತರಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಏನಾಗಿದೆ ಎಂದು ಹೇಳಬೇಕು. ಮೊದಲ ಬೇಸಿಗೆಯಲ್ಲಿ ಸೋಯಾಬೀನ್ ಬೇರುಕೊಳೆಯ ಮಾದರಿಯೊಂದನ್ನು ನೀರಿನಲ್ಲಿ ಬಿಟ್ಟು ಮರುದಿನ ನೋಡಿದಾಗ, ನಿಂಬೆಹಣ್ಣಿನ ಆಕಾರದ ಬೀಜಕಚೀಲಗಳು ಸಾಲಾಗಿ ನಿಂತಿದ್ದವು. ಅದು ಫೈಟಾಫ್ತೊರಾ ಎಂಬ, ಶಿಲೀಂಧ್ರವನ್ನು ಹೋಲುವ ರೋಗಕಾರಕ. ನಮ್ಮ ಅಡಿಕೆಯ ಕೊಳೆರೋಗಕ್ಕೆ ಕಾರಣವಾದದ್ದೂ ಇದೇ ಕುಲದ ಜೀವಿ. ಮಳೆಗಾಲದಲ್ಲಿ ಕೊನೆಗಾರ ಮರವೇರಿ ಮೈಲುತುತ್ತ ಮತ್ತು ಸುಣ್ಣದ ಮದ್ದು ಹೊಡೆಯುವುದನ್ನೂ, ಮಳೆನೀರು ತಾಗದಂತೆ ಕಾಯಿಗೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುವುದನ್ನೂ, ಅಷ್ಟಾದರೂ ಉದುರಿದ ಕಾಯಿಗಳನ್ನು ಅಪ್ಪ ಮೌನವಾಗಿ ಆರಿಸುವುದನ್ನೂ ನೋಡಿ ಬೆಳೆದವಳು ನಾನು. ನಮ್ಮ ಮನೆಯ ಶತ್ರುವಿನ ದಾಯಾದಿಯನ್ನು ಸಾವಿರಾರು ಮೈಲಿ ಆಚೆ, ಗಾಜಿನ ತುಂಡಿನ ಮೇಲೆ ಕಂಡಂತಾಯಿತು. ಮೈಸೂರು ಸಂಸ್ಥಾನದಲ್ಲಿ ಈ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದ ಲೆಸ್ಲಿ ಕೋಲ್ಮನ್ ಕೆನಡಾದ ಒಂಟಾರಿಯೋದಿಂದ ಬಂದವರು. ಅವರು ಆ ಕಡೆಯಿಂದ ನಮ್ಮ ಅಡಿಕೆ ನೋಡಲು ಬಂದಿದ್ದರು, ನಾನು ಈ ಕಡೆಯಿಂದ ಇವರ ಸೋಯಾ ನೋಡಲು ಬಂದಿದ್ದೇನೆ ಎಂದು ಅಂದು ರಾತ್ರಿ ಅಪ್ಪನಿಗೆ ಪತ್ರ ಬರೆದೆ. ಅಂಥ ಹೆಮ್ಮೆಯ ಪತ್ರವನ್ನು ಮತ್ತೆ ಬರೆದ ನೆನಪಿಲ್ಲ.

2000ದ ಹೊತ್ತಿಗೆ ಅಡಿಕೆಯ ದರ ಕುಸಿಯಿತು. ಸೊಸೈಟಿಯಲ್ಲಿ ಅಪ್ಪನ ಸಾಲ ಮೂರೂವರೆ ಲಕ್ಷ, ತಮ್ಮ ಬಿ.ಇ. ಎರಡನೆಯ ವರ್ಷ. ಪ್ರಬಂಧದ ಅಂಕಿಅಂಶಗಳಿಗಾಗಿ ನಾನು ಸ್ಯಾಸ್ ತಂತ್ರಾಂಶ ಕಲಿತಿದ್ದೆ. ಔಷಧ ಪರೀಕ್ಷೆಗಳ ದತ್ತಾಂಶವನ್ನು ಅದರಲ್ಲಿ ಕೋಷ್ಟಕಗಳಿಗೆ ಇಳಿಸುವ ಕೆಲಸಕ್ಕೆ ನ್ಯೂಜೆರ್ಸಿಯ ಔಷಧ ಕಂಪನಿಯೊಂದು 58,000 ಡಾಲರ್ ಕೊಡುತ್ತೇನೆಂದಿತು. 2001ರ ಮಾರ್ಚ್‌ನಲ್ಲಿ ಪ್ರಯೋಗಾಲಯದ ಬೀಗದ ಕೈ ಒಪ್ಪಿಸಿ ಹೊರಟೆ. ಐದೇ ವರ್ಷ, ಆಮೇಲೆ ಮರಳಿ ಬರುತ್ತೇನೆ ಎಂದು ನನ್ನ ಮೇಲಧಿಕಾರಿಗೆ ಹೇಳಿದ್ದೆ. ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ.

ಅಪ್ಪನ ಸಾಲ 2003ರ ಯುಗಾದಿಯ ಹೊತ್ತಿಗೆ ತೀರಿತು. ನಾನು ಹೊರಟಾಗಿನ ವಿನಿಮಯ ದರದಲ್ಲಿ ಅದು ಸುಮಾರು ಏಳೂವರೆ ಸಾವಿರ ಡಾಲರ್. ನನ್ನನ್ನು ಸೂಕ್ಷ್ಮದರ್ಶಕದ ಮುಂದಿನಿಂದ ಎಬ್ಬಿಸಿದ ಮೊತ್ತ ಅಷ್ಟೇ ಎಂಬುದು ಆಗ ಹೊಳೆಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಮನೆಯ ಹೆಂಚು ತೆಗೆದು ತಾರಸಿ ಹಾಕಿಸುವ ಮಾತು ಬಂದಿತ್ತು, ಅದು ಮುಗಿಯುವ ಮೊದಲೇ ತಮ್ಮನ ಮುಂದಿನ ಓದು, ಆಮೇಲೆ ನನ್ನ ಮದುವೆ, ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ನಮ್ಮದೇ ಮನೆಯ ಸಾಲ. ಇವುಗಳಲ್ಲಿ ಯಾವುದೂ ಬೇಡವಾದದ್ದಾಗಿರಲಿಲ್ಲ, ಯಾವುದಕ್ಕೂ ನಾನು ಪಶ್ಚಾತ್ತಾಪ ಪಡುವುದಿಲ್ಲ. ಊರಿಗೆ ಹೋದಾಗ ತಾರಸಿಯ ಮೇಲೆ ಅಡಿಕೆ ಒಣಹಾಕಿರುವುದನ್ನು ನೋಡಿದರೆ ಇಂದಿಗೂ ಎದೆ ತುಂಬುತ್ತದೆ. ಆದರೆ ಇಂಥ ಮೊತ್ತಕ್ಕಾಗಿ ಹೊರಟಿದ್ದೇನೆ, ಅದು ಕೈಸೇರಿದ ದಿನ ಮತ್ತೆ ಯೋಚಿಸುತ್ತೇನೆ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೆ, 2003ರಲ್ಲಿ ಒಂದು ರಾತ್ರಿಯಾದರೂ ನಿದ್ದೆಗೆಟ್ಟು ಯೋಚಿಸಿರುತ್ತಿದ್ದೆ.

ಆದ್ದರಿಂದ ನೀವು ಮೊದಲು ಆ ಚೀಟಿ ಬರೆಯಿರಿ. 18 ಲಕ್ಷ ಸಾಲಕ್ಕೆ ಶೇ 10.5 ಬಡ್ಡಿ, ಹತ್ತು ವರ್ಷದ ಅವಧಿ ಎಂದು ನೀವೇ ತಿಳಿಸಿದ್ದೀರಿ. ತಿಂಗಳ ಕಂತು ಸುಮಾರು 24,300 ರೂಪಾಯಿ ಆಗುತ್ತದೆ, ಡಾಲರಿನಲ್ಲಿ ಮುನ್ನೂರರ ಒಳಗೆ. ನನ್ನ ಅಂದಾಜಿನಲ್ಲಿ, ತೆರಿಗೆ ಮತ್ತು ಆರೋಗ್ಯ ವಿಮೆ ಕಳೆದು ತಿಂಗಳಿಗೆ ಅಯೋವಾದಲ್ಲಿ 3,800 ಡಾಲರಿನಷ್ಟೂ ಷಿಕಾಗೋದಲ್ಲಿ 6,300ರಷ್ಟೂ ಕೈಗೆ ಬರುತ್ತದೆ. ಬಾಡಿಗೆಯಲ್ಲಿಯೂ ದಿನದ ಖರ್ಚಿನಲ್ಲಿಯೂ ಷಿಕಾಗೋ ಸಾವಿರ ಡಾಲರಿನಷ್ಟು ಹೆಚ್ಚು ತಿನ್ನುತ್ತದೆ. ಹಾಗಾದರೆ ಕಾಗದದ ಮೇಲೆ ವರ್ಷಕ್ಕೆ 42,000 ಎಂದು ಕಾಣುವ ವ್ಯತ್ಯಾಸ ಕೈಯಲ್ಲಿ ಉಳಿಯುವುದು ಸುಮಾರು 18,000 ಮಾತ್ರ. ಅದು ಸಣ್ಣ ಹಣವೆಂದು ನಾನು ಹೇಳಲಾರೆ, ಊರಿನಲ್ಲಿ ಅದರ ಬೆಲೆ ಏನೆಂಬುದು ನನಗೆ ಗೊತ್ತು. ಆದರೆ ನಿಮ್ಮ ಸಾಲದ ಕಂತು 54,000 ಡಾಲರಿನ ಸಂಬಳದಲ್ಲಿಯೂ ನೆಮ್ಮದಿಯಾಗಿ ತೀರುತ್ತದೆ ಎಂಬುದನ್ನು ಮನೆಯವರಿಗೆ ರೂಪಾಯಿಯಲ್ಲಿಯೇ ಬರೆದು ತೋರಿಸಿ. ಒಪಿಟಿಯ, ಅಂದರೆ ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲಿಯೇ ಕೆಲಸ ಮಾಡಲು ಸಿಗುವ ಅನುಮತಿಯ, ಅವಧಿಯಲ್ಲಿ ನಿಮ್ಮ ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆಯನ್ನು ಕಡಿಯಬಾರದು; ಸಂಬಳದ ವಿಭಾಗದವರು ತಪ್ಪಿ ಕಡಿದಾರು, ಮೊದಲ ಸಂಬಳದ ಚೀಟಿಯಲ್ಲಿಯೇ ನೋಡಿಕೊಳ್ಳಿ.

ವೀಸಾದ ವಿಷಯದಲ್ಲಿ ಕಾಲ ಬದಲಾಗಿದೆ, ನನ್ನ ಅನುಭವವನ್ನು ಹಾಗೆಯೇ ನಂಬಬೇಡಿ. ನಾನು ಕಂಪನಿಗೆ ಹೋದಾಗ, ಹೊರದೇಶದವರನ್ನು ನುರಿತ ಕೆಲಸಕ್ಕೆ ಇಟ್ಟುಕೊಳ್ಳಲು ಕೊಡುವ ವೀಸಾ ಆದ ಎಚ್‌1ಬಿಯ ವಾರ್ಷಿಕ ಮಿತಿ 1,95,000 ಇತ್ತು, ಯಾರೂ ಚೀಟಿ ಎತ್ತುತ್ತಿರಲಿಲ್ಲ. ಈಗ ಅದು 65,000, ಇಲ್ಲಿಯ ಸ್ನಾತಕೋತ್ತರ ಪದವಿ ಇದ್ದವರಿಗೆ ಇನ್ನೂ 20,000; ಕಂಪನಿ ಸೇರಿದರೆ ಪ್ರತಿ ಮಾರ್ಚ್‌ನಲ್ಲಿ ಹೆಸರು ನೋಂದಾಯಿಸಿ ಆಯ್ಕೆಗಾಗಿ ಕಾಯಬೇಕು, ಒಪಿಟಿಯ 12 ತಿಂಗಳು ಮತ್ತು ವಿಸ್ತರಣೆಯ 24 ತಿಂಗಳು ಮುಗಿಯುವುದರೊಳಗೆ ಆಗದಿದ್ದರೆ ಬೇರೆ ದಾರಿ ಹುಡುಕಬೇಕು. ವಿಶ್ವವಿದ್ಯಾಲಯ ಸಲ್ಲಿಸುವ ಅರ್ಜಿಗೆ ಈ ಮಿತಿ ಅನ್ವಯಿಸುವುದಿಲ್ಲ. ಆದರೆ ಅಲ್ಲಿಂದ ಮುಂದೆ ಕಂಪನಿಗೆ ಹೋಗುವುದಾದರೆ ಆಗ ಮತ್ತೆ ಅದೇ ಸಾಲಿನ ಹಿಂದೆ ನಿಲ್ಲಬೇಕಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರು ಹೊರಡಿಸಿದ ಘೋಷಣೆ ದೇಶದ ಹೊರಗಿರುವವರ ಹೊಸ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂದು ಹೇಳಿದ್ದರಿಂದ, ಅರ್ಜಿ ಇತ್ಯರ್ಥವಾಗುವವರೆಗೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನು ಕೇಳದೆ ಊರಿಗೆ ಟಿಕೆಟ್ ಮಾಡಿಸಬೇಡಿ, ಸ್ವಂತ ಅಕ್ಕನ ಮದುವೆಯೇ ಇದ್ದರೂ.

ಇಷ್ಟದ ಕೆಲಸವೆಂದರೆ ದಿನವೂ ಹಬ್ಬ ಎಂದು ತಿಳಿಯಬೇಡಿ. ಜುಲೈ ತಿಂಗಳಲ್ಲಿ ಒಂದೇ ಬಗೆಯ ನೂರು ಮಾದರಿಗಳು ಬಂದಾಗ ಸಾಕಪ್ಪಾ ಎನಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಂಥ ಹುದ್ದೆಗಳಲ್ಲಿ ಹಲವು ಅನುದಾನದ ಮೇಲೆ ನಿಂತಿರುತ್ತವೆ. 2025ರಲ್ಲಿ ಇಲ್ಲಿಯ ಕೇಂದ್ರ ಸರ್ಕಾರದ ಸಂಶೋಧನಾ ಅನುದಾನಗಳಿಗೆ ಕತ್ತರಿ ಬಿದ್ದದ್ದನ್ನು ನೀವು ಹತ್ತಿರದಿಂದಲೇ ಕಂಡಿದ್ದೀರಿ. ಕಂಪನಿಯ ಕೆಲಸವೂ ಸೆರೆಮನೆಯಲ್ಲ. ನಾನು ಕೋಷ್ಟಕ ಮಾಡಿದ ಔಷಧಗಳಲ್ಲಿ ಕೆಲವು ಅಂಗಡಿಗೆ ಬಂದಾಗ ನನಗೂ ಸಂತೋಷವಾಗಿದೆ.

ಆದರೂ ನನಗೆ ಉಳಿದಿರುವ ಕೊರಗನ್ನು ಹೇಳದೆ ಈ ಉತ್ತರ ಪೂರ್ತಿಯಾಗುವುದಿಲ್ಲ. ನಾನು ಬಿಟ್ಟು ಬಂದ ಮರುವರ್ಷ, 2002ರಲ್ಲಿ, ಇಲ್ಲಿಯ ಕೃಷಿ ಇಲಾಖೆ ಸಸ್ಯರೋಗ ಪತ್ತೆ ಪ್ರಯೋಗಾಲಯಗಳನ್ನು ಒಂದು ರಾಷ್ಟ್ರೀಯ ಜಾಲವಾಗಿ ಕಟ್ಟಿತು. 2004ರ ನವೆಂಬರ್‌ನಲ್ಲಿ ಸೋಯಾಬೀನ್ ತುಕ್ಕು ರೋಗ ಅಮೆರಿಕದ ಮುಖ್ಯ ಭೂಭಾಗದಲ್ಲಿ ಮೊದಲ ಬಾರಿಗೆ, ಲೂಸಿಯಾನಾದಲ್ಲಿ, ಕಾಣಿಸಿಕೊಂಡಿತು. ನಿಮ್ಮ ಧಾರವಾಡದವರು ಸೋಯಾಬೀನಿನ ಡಿಎಸ್‌ಬಿ 21 ತಳಿ ಮಾಡಿದ್ದು ಇದೇ ರೋಗವನ್ನು ತಡೆಯಲು. ಹಳೆಯ ಸಹೋದ್ಯೋಗಿಗಳು ಹಗಲು ರಾತ್ರಿ ಎಲೆ ನೋಡುತ್ತಿದ್ದ ಆ ದಿನಗಳಲ್ಲಿ ನಾನು ಸುದ್ದಿಯನ್ನು ಕಚೇರಿಯ ಕಂಪ್ಯೂಟರಿನಲ್ಲಿ ಓದಿದೆ. 2006ರಲ್ಲಿ, ಅಂದರೆ ನಾನು ಹೇಳಿದ್ದ ಐದು ವರ್ಷ ತುಂಬಿದಾಗ, ಹಳೆಯ ಮೇಲಧಿಕಾರಿ ಒಂದು ಕಾಯಂ ಹುದ್ದೆ ಖಾಲಿ ಇದೆ ಎಂದು ಬರೆದರು. ನನ್ನ ಗ್ರೀನ್ ಕಾರ್ಡಿನ ಅರ್ಜಿ 2002ರಿಂದ ಕಂಪನಿಯ ಮೂಲಕ ನಡೆಯುತ್ತಿತ್ತು. ಬಿಟ್ಟರೆ ಹೊಸ ಸಂಸ್ಥೆಯಿಂದ ಎಲ್ಲವನ್ನೂ ಮತ್ತೆ ಆರಂಭಿಸಬೇಕಾಗಿತ್ತು. ವೀಸಾ ಕಟ್ಟಿಹಾಕಿದೆ ಎಂದು ಉತ್ತರಿಸಿದೆ, ಅದು ನಿಜವೂ ಆಗಿತ್ತು. 2012ರಲ್ಲಿ ಗ್ರೀನ್ ಕಾರ್ಡ್ ಕೈಗೆ ಬಂತು. ಆ ಹೊತ್ತಿಗೆ ಇಬ್ಬರು ಮಕ್ಕಳು, ಮನೆಸಾಲದ ಕಂತು, ಎಲ್ಲರಿಗೂ ಒಗ್ಗಿದ ಸಂಬಳ. ಆ ಸಲ ನನ್ನನ್ನು ಯಾರೂ ಕಟ್ಟಿಹಾಕಿರಲಿಲ್ಲ. ನಾನೇ ಕೇಳಿ ಬರೆಯಲಿಲ್ಲ, ಆ ಪ್ರಯೋಗಾಲಯದಲ್ಲಿ ಹುದ್ದೆ ಇದೆಯೇ ಎಂದು ನೋಡಲೂ ಇಲ್ಲ. ಕನ್ನಡ ಕೂಟದಲ್ಲಿ ಯಾರಾದರೂ ಕೇಳಿದರೆ ಮಾತ್ರ, ವೀಸಾದಿಂದಾಗಿ ಹಾಗಾಯಿತು ಎಂದು ಬಹಳ ವರ್ಷ ಹೇಳುತ್ತಲೇ ಇದ್ದೆ.

2022ರ ಮಳೆಗಾಲದ ಕೊನೆಯಲ್ಲಿ ಅಪ್ಪ ವಾಟ್ಸ್ಆ್ಯಪ್‌ನಲ್ಲಿ ಅಡಿಕೆ ಸೋಗೆಯ ಚಿತ್ರ ಕಳಿಸಿದರು. ಮಲೆನಾಡಿನ ತೋಟಗಳಲ್ಲಿ ಎಲೆಚುಕ್ಕಿ ರೋಗ ಹಬ್ಬುತ್ತಿದ್ದ ಸಮಯ. ಇದು ಅದೇ ಹೌದೋ ಅಲ್ಲವೋ, ನೀನು ಓದಿದವಳಲ್ಲವೇ, ನೋಡಿ ಹೇಳು ಎಂದು ಬರೆದಿದ್ದರು. ಚಿತ್ರವನ್ನು ದೊಡ್ಡದು ಮಾಡಿ ಎಷ್ಟು ಹೊತ್ತು ನೋಡಿದರೂ ನನಗೆ ಕಂಡದ್ದು ಕಂದು ಚುಕ್ಕೆಗಳು ಮಾತ್ರ. ಎಲ್ಲರಂತೆ ನಾನೂ ಗೂಗಲಿನಲ್ಲಿ ಹುಡುಕಿದೆ. ಕೊನೆಗೆ, ನನ್ನ ಜೊತೆ ಓದಿ ಅದೇ ಪ್ರಯೋಗಾಲಯದಲ್ಲಿ ಉಳಿದುಕೊಂಡ ಅಮೆರಿಕದ ಗೆಳತಿಗೆ ಕಳಿಸಿದೆ. ಅಡಿಕೆ ಮರವನ್ನು ಜನ್ಮದಲ್ಲಿ ನೋಡದ ಅವಳು ಹತ್ತು ನಿಮಿಷದೊಳಗೆ ಉತ್ತರಿಸಿದಳು: ಕೆಳಗಿನ ಸೋಗೆಯಲ್ಲಿ ಶುರುವಾಯಿತೋ ಮೇಲಿನದರಲ್ಲೋ? ಚುಕ್ಕೆಯ ಸುತ್ತ ಹಳದಿ ಬಳೆ ಇದೆಯೇ? ಪಕ್ಕದ ಮರಕ್ಕೂ ಬಂದಿದೆಯೇ? ಒಂದು ಕಾಲದಲ್ಲಿ ರೈತರಿಗೆ ಫೋನಿನಲ್ಲಿ ನಾನೇ ಕೇಳುತ್ತಿದ್ದ ಪ್ರಶ್ನೆಗಳು. ಆ ಉತ್ತರವನ್ನು ಕನ್ನಡಕ್ಕೆ ಮಾಡಿ ಅಪ್ಪನಿಗೆ ಕಳಿಸಿದೆ. ಯಾರು ಹೇಳಿದರೇನು, ನೀನು ಹಣ ಕಳಿಸಿದ್ದರಿಂದಲ್ಲವೇ ರೋಗ ಬರಲು ಒಂದು ತೋಟ ಉಳಿದದ್ದು ಎಂದು ಅಪ್ಪ ನಕ್ಕರು. ಅವರು ಸಮಾಧಾನಕ್ಕೆ ಹೇಳಿದ ಮಾತು ಸುಳ್ಳೇನೂ ಅಲ್ಲ, ಅದಕ್ಕೇ ನಾನೂ ನಕ್ಕೆ.

ಶುಕ್ರವಾರದೊಳಗೆ ಇಬ್ಬರಿಗೂ ಉತ್ತರ ಕೊಡಬೇಕೆಂದು ಬರೆದಿದ್ದೀರಿ. ಇಂದೇ ಪ್ರಯೋಗಾಲಯದ ನಿರ್ದೇಶಕರಿಗೆ ಎರಡು ಪ್ರಶ್ನೆ ಕೇಳಿ: ಈ ಹುದ್ದೆಯ ಸಂಬಳ ಯಾವ ಹಣದಿಂದ ಬರುತ್ತದೆ, ಮತ್ತು ಎಚ್‌1ಬಿ ಅರ್ಜಿಯನ್ನು ವಿಶ್ವವಿದ್ಯಾಲಯ ಯಾವಾಗ ಸಲ್ಲಿಸುತ್ತದೆ. ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ನಮ್ಮ ಕಡೆಯ ಸಂಕೋಚ ಇಲ್ಲಿ ಬೇಡ; ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ. ಮೂರು ವರ್ಷಕ್ಕೆ ಹಣವಿದೆ, ಒಪಿಟಿ ಮುಗಿಯುವುದರೊಳಗೆ ಅರ್ಜಿ ಹಾಕುತ್ತೇವೆ ಎಂದರೆ, ನಾನಾಗಿದ್ದರೆ ಅಯೋವಾದಲ್ಲಿ ಉಳಿಯುತ್ತಿದ್ದೆ.