ಟಿಲಮೂಕ್ ಬಂಡೆಯ ದೀಪಸ್ತಂಭವನ್ನು ಯಾಕೆ ಮುಚ್ಚಿದರು?

ಮುಖ್ಯವಾಗಿ ಖರ್ಚು ಜಾಸ್ತಿ ಅಂತ. ಇದಿರುವುದು ಅಮೆರಿಕದ ಆರೆಗನ್ ಕರಾವಳಿಯಿಂದ ಸುಮಾರು 2 ಕಿ.ಮೀ. ಆಚೆ, ಕಡಲ ನಡುವಿನ ಒಂಟಿ ಬಂಡೆಯ ಮೇಲೆ. 1879ರಲ್ಲಿ ದೀಪಸ್ತಂಭ ಕಟ್ಟಲು ಬಂಡೆಯ ಅಳತೆ ಮಾಡಲು ಹೋದ ಜಾನ್ ಟ್ರೆವವಾಸ್ ಸಮುದ್ರದ ಪಾಲಾದರು. ದೀಪ ಹಚ್ಚಿದ್ದು 1881ರ ಜನವರಿ 21ರಂದು. ಅದಕ್ಕೆ ಸುಮಾರು ಮೂರು ವಾರ ಮೊದಲಷ್ಟೇ ಲುಪಾಷಿಯಾ ಎಂಬ ಹಡಗು ಹತ್ತಿರದಲ್ಲೇ ಒಡೆದು 16 ಜನ ಸತ್ತಿದ್ದರು. ಬದುಕಿ ದಡ ಸೇರಿದ್ದು ಒಂದು ನಾಯಿ!

1934ರ ಅಕ್ಟೋಬರ್ ಬಿರುಗಾಳಿಯ ಕಥೆಯಂತೂ ನಂಬೋದೇ ಕಷ್ಟ. ನೀರಿನಿಂದ ಸುಮಾರು 40 ಮೀಟರ್ ಎತ್ತರದಲ್ಲಿದ್ದ ದೀಪದ ಕೋಣೆಗೇ ಅಲೆಗಳು ಕಲ್ಲು ಎಸೆದವು. ಗಾಜು ಒಡೆದು, ದೀಪದ ಬೆಳಕನ್ನು ದೂರಕ್ಕೆ ಹಾಯಿಸುವ ಫ್ರೆನೆಲ್ ಲೆನ್ಸ್ ಹಾಳಾಗಿ, ಒಳಗೆಲ್ಲ ಮೀನು, ಪಾಚಿ.

1957ರಲ್ಲಿ ದೀಪ ಆರಿಸಿ, ಬದಲಿಗೆ ಹಡಗುಗಳನ್ನು ಎಚ್ಚರಿಸಲು ಸಿಳ್ಳೆ ಹಾಕುವ, ನೀರಲ್ಲಿ ತೇಲುವ ಬುರುಡೆ ಇಟ್ಟರು. 1980ರಿಂದ ಅಲ್ಲಿ ಚಿತಾಭಸ್ಮದ ಕುಡಿಕೆಗಳನ್ನು ಇಡತೊಡಗಿದರು. 1999ರಲ್ಲಿ ಹಾಗೆ ಕುಡಿಕೆ ಇಡುವ ಲೈಸೆನ್ಸೂ ಹೋಯಿತು.